ಬಚ್ಚಲಿನಾಚೆಯ ಕಾವೇರಿ

ಸ್ನಾನಕ್ಕೆ ನಿಂತವರು ಚೊಂಬಿನ ನೀರಿಗೆ ಏಳು ನದಿಗಳನ್ನು ಆಹ್ವಾನಿಸುವ ಶ್ಲೋಕ ಎಷ್ಟೋ ಮನೆಗಳಲ್ಲಿ ಇನ್ನೂ ಬಾಯಿಪಾಠ. ಗಂಗೆ ಯಮುನೆಯರಿಂದ ಶುರುವಾಗುವ ಆ ಸಾಲಿನಲ್ಲಿ ಕಾವೇರಿಯದು ಕೊನೆಯ ಹೆಸರು. ಬೆಂಗಳೂರಿನವರು ಆರು ನದಿಗಳನ್ನು ಕರೆದರೆ ಸಾಕು, ಏಳನೆಯದನ್ನು ಜಲಮಂಡಳಿಯೇ ಕರೆತಂದಿರುತ್ತದೆ. ತೊರೆಕಾಡನಹಳ್ಳಿಯಿಂದ ಹೊರಟು, ಹಾರೋಹಳ್ಳಿಯಲ್ಲೊಮ್ಮೆ ತಾತಗುಣಿಯಲ್ಲೊಮ್ಮೆ ಪಂಪಿಗೆ ಸಿಕ್ಕಿ, ಸುಮಾರು 100 ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರಿನಷ್ಟು ಎತ್ತರ ಹತ್ತಿ ಬರುವ ಆ ನೀರು ಬಚ್ಚಲಿನಲ್ಲಿ ಉಳಿಯುವುದು ಅರೆಗಳಿಗೆ. ತಲೆಯ ಮೇಲೆ ಬೀಳುವಾಗ ತೀರ್ಥ, ಕಿಂಡಿಯಲ್ಲಿ ಇಳಿದೊಡನೆ ಕೊಳಚೆ. ಕಾವೇರಿ ಕಾವೇರಿಯಾಗಿ ಉಳಿಯುವುದು ಎಲ್ಲಿಯವರೆಗೆ? ಇದನ್ನು ಎಂಜಿನಿಯರನ್ನು ಕೇಳಿದರೆ ನಗುತ್ತಾನೆ, ಪುರೋಹಿತರನ್ನು ಕೇಳಿದರೆ ರೇಗುತ್ತಾರೆ. ಆದರೂ ಕೇಳಬೇಕಾದ ಪ್ರಶ್ನೆ. ಯಾಕೆಂದರೆ ಊರಿಗೆ ಬರುವ ನೀರಿನಲ್ಲಿ ಸುಮಾರು ಶೇ 80ರಷ್ಟು ಹೀಗೆ ಹೆಸರು ಕಳೆದುಕೊಂಡು ಊರಿನಿಂದಾಚೆ ಹೋಗುತ್ತದೆ.

ಹೋಗುವುದು ಎಲ್ಲಿಗೆ ಎಂಬುದರಲ್ಲಿ ಗುಟ್ಟೇನಿಲ್ಲ. ನಗರದ ಪಶ್ಚಿಮ ಭಾಗದ್ದಾದರೆ ವೃಷಭಾವತಿಗೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದ್ದೆಂದು ಜನ ನಂಬುವ ಹೊಳೆ ಅದು, ಹೆಸರೂ ಅದಕ್ಕೇ ಬಂದದ್ದು. ಮೈಸೂರು ರಸ್ತೆಯ ಬದಿ ಹಿಡಿದು, ಕೆಂಗೇರಿ ದಾಟಿ, ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಬಿದ್ದು, ಅಲ್ಲಿಂದ ಹರಿದು ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿ ಮೇಕೆದಾಟಿನ ಹತ್ತಿರದ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಪೈಪಿನಲ್ಲಿ ಬೆಟ್ಟ ಹತ್ತಿ ಬಂದವಳು ಮೋರಿಯಲ್ಲಿ ಇಳಿದು ತನ್ನನ್ನೇ ತಾನು ಸೇರುವುದೆಂದರೆ ಇದು. ಸಂಗಮದಲ್ಲಿ ಮುಳುಗುಹಾಕುವ ಬೆಂಗಳೂರಿಗರು ಪುಣ್ಯಕ್ಕೆಂದು ಹೋಗಿ ತಮ್ಮ ಬಚ್ಚಲನ್ನೇ ಭೇಟಿಯಾಗಿ ಬರುತ್ತಾರೆ ಎಂದರೆ ಕಟುವಾಯಿತು, ಸುಳ್ಳಾಗಲಿಲ್ಲ.

ವೃಷಭಾವತಿಯ ವಿಚಾರದಲ್ಲಿ ಇನ್ನೊಂದು ತೊಡಕಿದೆ. ಮೂಲದಲ್ಲಿ ಅದು ಮಳೆಗಾಲದ ಹೊಳೆ, ಬೇಸಿಗೆಯಲ್ಲಿ ಬತ್ತುವಂಥದ್ದು. ಈಗ ವರ್ಷವಿಡೀ ಹರಿಯುತ್ತದೆ. ಹರಿಸುತ್ತಿರುವುದು ಒಳಚರಂಡಿ. ಕೊಳಚೆಯನ್ನು ಪೂರ್ತಿ ನಿಲ್ಲಿಸಿದರೆ ಬೇಸಿಗೆಯಲ್ಲಿ ಹೊಳೆಯೇ ನಿಂತೀತು. ಬೈರಮಂಗಲದ ಸುತ್ತಮುತ್ತ ಅದೇ ನೀರು ಹಾಯಿಸಿ ಹಿಪ್ಪುನೇರಳೆ, ಹುಲ್ಲು, ಬೇಬಿ ಕಾರ್ನ್ ಬೆಳೆಯುವ ರೈತರು ಮೂಗು ಮುಚ್ಚಿಕೊಂಡೇ ಅದನ್ನು ನೆಚ್ಚಿದ್ದಾರೆ. ಇದು ಕೊಳೆತ ನದಿಯೋ, ನದಿಯಾದ ಕೊಳಚೆಯೋ?

2024ನೇ ಇಸವಿ ಊರಿಗೂ ನೀರಿಗೂ ಇರುವ ತೊಡಕನ್ನೆಲ್ಲ ಎಂಟು ತಿಂಗಳಲ್ಲಿ ಬಿಡಿಸಿ ತೋರಿಸಿತು. ಮಾರ್ಚಿನಲ್ಲಿ ನಗರದ 13,900 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿತು. ಟ್ಯಾಂಕರಿನ ಮುಂದೆ ಬಿಂದಿಗೆಗಳ ಸಾಲು ನಿಂತಿತು. ಜೂನ್ 2ರಂದು ಒಂದೇ ದಿನ 111 ಮಿಲಿಮೀಟರ್ ಮಳೆ ಸುರಿಯಿತು; ಜೂನ್ ತಿಂಗಳ ಒಂದು ದಿನದಲ್ಲಿ ಅಷ್ಟು ಮಳೆಯನ್ನು ಬೆಂಗಳೂರು 133 ವರ್ಷಗಳಲ್ಲಿ ಕಂಡಿರಲಿಲ್ಲ. ಅಕ್ಟೋಬರಿನಲ್ಲಿ ದಿನಕ್ಕೆ 77.5 ಕೋಟಿ ಲೀಟರ್ ತರುವ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ಅದೇ ದಿನಗಳಲ್ಲಿ ಯಲಹಂಕದ ಕೇಂದ್ರೀಯ ವಿಹಾರದ ನಿವಾಸಿಗಳನ್ನು ದೋಣಿಯಲ್ಲಿ ಹೊರತರಬೇಕಾಯಿತು. ಇಲ್ಲ ಎಂದು ಬೊಬ್ಬೆ ಹೊಡೆದದ್ದೂ ನೀರಿಗೇ, ಬೇಡ ಎಂದು ಓಡಿದ್ದೂ ನೀರಿನಿಂದಲೇ.

ಮಳೆ ಬಂದಾಗ ಆಗುವುದೇನು? ಕಾಗದದ ಮೇಲೆ ಬೆಂಗಳೂರಿನಲ್ಲಿ ಎರಡು ವ್ಯವಸ್ಥೆಗಳಿವೆ. ಮಳೆನೀರಿಗೆ ರಾಜಕಾಲುವೆ, ಮನೆಯ ಹೊಲಸಿಗೆ ಒಳಚರಂಡಿ. ಎರಡೂ ಹಿಡಿಯುವುದು ಒಂದೇ ಇಳಿಜಾರನ್ನು, ಹಾಗಾಗಿ ಕಣಿವೆಗಳಲ್ಲಿ ಮಗ್ಗುಲುಮಗ್ಗುಲಲ್ಲೇ ಸಾಗುತ್ತವೆ. ಎಷ್ಟೋ ಮನೆಗಳಲ್ಲಿ ತಾರಸಿಯ ಮಳೆ ಪೈಪನ್ನು ಸದ್ದಿಲ್ಲದೆ ಒಳಚರಂಡಿಯ ಚೇಂಬರಿಗೆ ಜೋಡಿಸಿರುತ್ತಾರೆ. ಇನ್ನೆಷ್ಟೋ ಕಡೆ ಶೌಚದ ಪೈಪು ನೇರ ರಾಜಕಾಲುವೆಗೆ ಬಿದ್ದಿರುತ್ತದೆ. ಜೋರು ಮಳೆ ಹೊಡೆದಾಗ ತನ್ನದಲ್ಲದ ಹೊರೆ ಹೊತ್ತ ಒಳಚರಂಡಿ ಉಸಿರುಗಟ್ಟುತ್ತದೆ, ಮ್ಯಾನ್‌ಹೋಲಿನ ಮುಚ್ಚಳ ಎದ್ದು ಪಕ್ಕಕ್ಕೆ ಬೀಳುತ್ತದೆ, ಒಳಗಿದ್ದದ್ದೆಲ್ಲ ರಸ್ತೆಗೆ ಬಂದು ರಾಜಕಾಲುವೆಗೆ ಇಳಿಯುತ್ತದೆ. ಮರುದಿನ ಬೀದಿಯಲ್ಲಿ ಉಳಿದ ಬೂದುಬಣ್ಣದ ಕೆಸರಿನಲ್ಲಿ ಯಾರ ಮನೆಯದು ಎಷ್ಟು ಎಂದು ವಿಂಗಡಿಸಲು ಯಾವ ಪಂಚಾಂಗವೂ ಸಾಲದು.

ಮೈಸೂರು ರಸ್ತೆಯ ಗಾಳಿ ಆಂಜನೇಯ ದೇವಸ್ಥಾನ ಇದನ್ನು ಹತ್ತಿರದಿಂದ ಬಲ್ಲದು. ವ್ಯಾಸರಾಯರು ಪ್ರತಿಷ್ಠಾಪಿಸಿದರೆಂಬ ಪ್ರತೀತಿಯ ಈ ಗುಡಿ ಇರುವುದು ವೃಷಭಾವತಿ ಮತ್ತು ಪಶ್ಚಿಮವಾಹಿನಿ ಕೂಡುವ ಜಾಗದಲ್ಲಿ. ಸಂಗಮದಲ್ಲಿ ದೇವರನ್ನು ನೆಲೆಗೊಳಿಸುವುದು ಹಳೆಯ ಪದ್ಧತಿ, ಅಲ್ಲಿ ಕೂಡುತ್ತಿದ್ದದ್ದು ಆಗ ಹೊಳೆಗಳೇ. ಈಗ ದೊಡ್ಡ ಮಳೆಗೆ ರಾಜಕಾಲುವೆ ಉಕ್ಕಿ ದೇವಸ್ಥಾನದೊಳಕ್ಕೆ ನುಗ್ಗಿದ್ದು ಒಂದೆರಡು ಸಲವಲ್ಲ. ಹೊರಗೆ ಚಪ್ಪಲಿ ಬಿಟ್ಟು, ಕಾಲು ತೊಳೆದು, ಮಡಿಯಿಂದ ಒಳಹೋಗುವ ಜಾಗಕ್ಕೆ ಇಡೀ ಊರು ತೊಳೆದುಕೊಂಡ ನೀರು ಹೇಳದೆ ಕೇಳದೆ ಒಳಬರುತ್ತದೆ. ನೀರು ಇಳಿದ ಮೇಲೆ ತೊಳೆದು, ಶುದ್ಧಿ ಮಾಡಿ, ಪೂಜೆ ಮುಂದುವರಿಸಿದರೆ ದೇವಸ್ಥಾನದ ಮಟ್ಟಿಗೆ ಮೈಲಿಗೆ ಕಳೆಯಿತು. ಹೊಳೆಯ ಮೈಲಿಗೆ ಕಳೆಯುವ ವಿಧಿ ಮಾತ್ರ ಯಾವ ಆಗಮದಲ್ಲೂ ಇದ್ದಂತಿಲ್ಲ.

ಶಾಸ್ತ್ರ ಈ ವಿಷಯದಲ್ಲಿ ಮೌನವಾಗಿದೆ ಎಂದೇನಲ್ಲ, ಎರಡು ಬಾಯಲ್ಲಿ ಮಾತಾಡುತ್ತದೆ. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯ ನೀರಿನಲ್ಲಿ ಮಲಮೂತ್ರ ಮಾಡಬಾರದು, ಉಗುಳಬಾರದು ಎಂದು ಕಟ್ಟಪ್ಪಣೆ ಮಾಡುತ್ತದೆ. ಐದನೆಯ ಅಧ್ಯಾಯಕ್ಕೆ ಬಂದರೆ ನದಿ ತನ್ನ ಹರಿವಿನ ವೇಗದಿಂದಲೇ ಶುದ್ಧವಾಗುತ್ತದೆ ಎಂಬ ಅಭಯ. ಜನ ಎರಡನೆಯದನ್ನು ನೆನಪಿಟ್ಟುಕೊಂಡರು. ಹರಿಯುವ ನೀರಿಗೆ ಮೈಲಿಗೆಯಿಲ್ಲ ಎಂಬುದು ಶಾಸ್ತ್ರ ಓದದವರಿಗೂ ಗೊತ್ತು. ಅದು ಪೂರ್ತಿ ಮೂಢನಂಬಿಕೆಯೂ ಅಲ್ಲ. ಹರಿಯುವ ನೀರು ಗಾಳಿಯ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ, ಆ ಬಲದಿಂದ ಸೂಕ್ಷ್ಮಜೀವಿಗಳು ಕಶ್ಮಲವನ್ನು ಅರಗಿಸುತ್ತವೆ. ಆದರೆ ಅರಗಿಸುವ ಶಕ್ತಿಗೆ ಮಿತಿಯಿದೆ, ಅದಕ್ಕೆ ಮೊದಲು ನದಿಯಲ್ಲಿ ನದಿಯ ನೀರಿರಬೇಕು. ಊರಿನ ಹಿತ್ತಿಲಿನಲ್ಲಿ ಹತ್ತು ಮನೆಯ ಬಟ್ಟೆ ಒಗೆಯುತ್ತಿದ್ದ ಕಾಲಕ್ಕೆ ಹೇಳಿದ ಮಾತನ್ನು ಕೋಟಿ ದಾಟಿದ ಊರು ತನ್ನ ರಕ್ಷಣೆಗೆ ಬಳಸಿಕೊಳ್ಳುತ್ತಿದೆ.

ಕಾಶಿಯಲ್ಲಿ ಒಬ್ಬರು ಈ ಇಕ್ಕಟ್ಟನ್ನು ಮೈಮೇಲೆ ಹೊತ್ತು ಬಾಳಿದರು. ವೀರಭದ್ರ ಮಿಶ್ರ ಸಂಕಟಮೋಚನ ಹನುಮಾನ್ ಮಂದಿರದ ಮಹಂತರು, ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಜಲ ಎಂಜಿನಿಯರಿಂಗ್ ಪ್ರಾಧ್ಯಾಪಕರು. 1982ರಲ್ಲಿ ಸಂಕಟಮೋಚನ ಪ್ರತಿಷ್ಠಾನ ಕಟ್ಟಿ, ಮುಂದೆ ತುಳಸಿ ಘಾಟಿನ ಪ್ರಯೋಗಾಲಯದಲ್ಲಿ ಗಂಗೆಯ ನೀರು ಪರೀಕ್ಷಿಸತೊಡಗಿದರು. ಅದರಲ್ಲಿ ಮಲದ ಬ್ಯಾಕ್ಟೀರಿಯಾ ಎಷ್ಟಿದೆ ಎಂದು ಅವರಷ್ಟು ಚೆನ್ನಾಗಿ ಬಲ್ಲವರು ಊರಲ್ಲಿ ಕಡಿಮೆ, ಹಾಗಿದ್ದೂ ಗಂಗಾಸ್ನಾನ ಬಿಡಲಿಲ್ಲ. ಗಂಗೆ ಅಪವಿತ್ರಳಾದಳು ಎಂದರೆ ಭಕ್ತರು ಸಿಡಿದೇಳುತ್ತಾರೆ, ತಾಯಿಯ ಮೈಮೇಲೆ ಹೊಲಸು ಸುರಿಯುತ್ತಿದ್ದೇವೆ ಎಂದರೆ ತಲೆ ತಗ್ಗಿಸುತ್ತಾರೆ ಎಂಬುದು ಅವರ ಅನುಭವ. 1986ರಲ್ಲಿ ಶುರುವಾದ ಗಂಗಾ ಕ್ರಿಯಾ ಯೋಜನೆಯ ಮೇಲೆ ಅವರ ತಕರಾರು ಮಾತ್ರ ಶುದ್ಧ ಎಂಜಿನಿಯರಿನದು: ಕರೆಂಟು ಹೋದರೆ ಪಂಪು ನಿಲ್ಲುತ್ತದೆ, ಮಳೆಗಾಲದ ಪ್ರವಾಹಕ್ಕೂ ನಿಲ್ಲುತ್ತದೆ, ನಿಂತಾಗ ಕೊಳಚೆ ಗಂಗೆಗೇ ಬರುತ್ತದೆ. 2013ರಲ್ಲಿ ತೀರಿಕೊಳ್ಳುವವರೆಗೂ ಅವರು ಶ್ರದ್ಧೆಯನ್ನೂ ಬಿಡಲಿಲ್ಲ, ಲೆಕ್ಕವನ್ನೂ ಬಿಡಲಿಲ್ಲ.

ಕನ್ನಡ ನಾಡಿನಲ್ಲಿ ಬೇರೆ ದಾರಿಯೂ ತೆರೆದಿತ್ತು. ತೀರ್ಥಸ್ನಾನದಿಂದ ಪಾಪ ಹೋಗುತ್ತದೆಂಬ ನಂಬಿಕೆಯನ್ನು 12ನೇ ಶತಮಾನದ ವಚನಕಾರರು ಕೆಣಕಿದರು, ಆಮೇಲೆ ದಾಸರೂ ಕೆಣಕಿದರು. ಒಳಗು ಶುದ್ಧವಾಗದೆ ಮೈ ತೊಯ್ಸಿ ಫಲವೇನೆಂಬ ಅವರ ತರ್ಕಕ್ಕೆ ಎದುರಾಡುವುದು ಕಷ್ಟ. ಆದರೆ ಹೊಳೆಯ ದಂಡೆಯಲ್ಲಿ ನಿಂತು ನೋಡಿದರೆ ಈ ವಾದದಲ್ಲೂ ಒಂದು ಕೊರತೆ ಕಾಣುತ್ತದೆ. ನಂಬಿದವರು ನೀರು ತಮಗೇನು ಮಾಡುತ್ತದೆ ಎಂದರು, ಸುಧಾರಕರು ಏನೂ ಮಾಡುವುದಿಲ್ಲ ಎಂದರು. ತಾವು ನೀರಿಗೆ ಏನು ಮಾಡುತ್ತಿದ್ದೇವೆ ಎಂಬ ಮಾತು ಆ ಜಗಳದೊಳಗೆ ಬರಲಿಲ್ಲ. ಅವರ ಕಾಲದ ಹೊಳೆಗಳಿಗೆ ಅದರ ಅಗತ್ಯವಿರಲಿಲ್ಲ ಎನ್ನಬಹುದು. ಬೆಳ್ಳಂದೂರು, ವರ್ತೂರು ಕೆರೆಗಳ ಕೋಡಿಯಲ್ಲಿ ಮಳೆ ಬಂದಾಗಲೆಲ್ಲ ನೊರೆಯೆದ್ದು ರಸ್ತೆಗೆ ಹಾರಿದ್ದು, 2017ರ ಫೆಬ್ರುವರಿಯಲ್ಲೂ 2018ರ ಜನವರಿಯಲ್ಲೂ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದದ್ದು ನಮ್ಮ ಕಾಲದ ಸಂಗತಿ. ಆ ನೊರೆಯ ಬಹುಪಾಲು ಬಟ್ಟೆ, ಪಾತ್ರೆ ತೊಳೆದ ಸೋಪಿನದು. ಮನೆಮನೆಯ ಶುಚಿತ್ವವೇ ಕೂಡಿ ಆ ಗಲೀಜಾಗಿತ್ತು.

ಮಡಿಯ ಮಾತಾಡುವಾಗ ಮ್ಯಾನ್‌ಹೋಲಿಗೆ ಇಳಿಯುವವರ ಮಾತು ಬಿಟ್ಟರೆ ಅದು ಅಪ್ರಾಮಾಣಿಕತೆ. ದೇವರಾಜ ಅರಸು ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪ 1970ರ ದಶಕದಲ್ಲೇ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. 2013ರಲ್ಲಿ ದೇಶಕ್ಕೆಲ್ಲ ಕಾನೂನು ಬಂತು. 2023ರಲ್ಲಿ ಸುಪ್ರೀಂ ಕೋರ್ಟ್ ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು 30 ಲಕ್ಷ ರೂಪಾಯಿಗೆ ಏರಿಸಿತು. ಮೊತ್ತ ಹೆಚ್ಚಿಸಬೇಕಾಗಿ ಬಂದದ್ದೇ ಸಾವು ನಿಂತಿಲ್ಲ ಎಂಬುದಕ್ಕೆ ಸಾಕ್ಷಿ. ಕೊಳೆ ಎಂಬುದು ಕಣ್ಣಿಂದ ಮರೆಯಾದರೆ ಮುಗಿಯಿತು ಎಂಬ ತತ್ವ ನಡೆಯಬೇಕಾದರೆ ಅದನ್ನು ಕಣ್ಣಾರೆ ಕಾಣಲೇಬೇಕಾದ ಒಂದು ಜಾತಿ ಬೇಕಾಗುತ್ತದೆ. ಇದು ನೀರಿನ ಸಮಸ್ಯೆಯ ಅಡಿಟಿಪ್ಪಣಿಯಲ್ಲ, ತಳಪಾಯ.

ಬಳಸಿದ ನೀರನ್ನು ಗೌರವದಿಂದ ಕಳುಹಿಸುವ ರೂಢಿ ಈ ಪರಂಪರೆಯಲ್ಲಿ ಇಲ್ಲವೇ ಇಲ್ಲವೆ? ಒಂದು ಕಡೆ ಇದೆ. ಶಿವಾಲಯದಲ್ಲಿ ಲಿಂಗದ ಮೇಲೆ ಎರೆದ ನೀರು, ಹಾಲು ಗರ್ಭಗುಡಿಯ ಗೋಡೆಯಿಂದ ಕಲ್ಲಿನ ದೋಣಿಯಲ್ಲಿ ಹೊರಬೀಳುತ್ತದೆ. ಅದೇ ಸೋಮಸೂತ್ರ. ಪ್ರದಕ್ಷಿಣೆ ಹೊರಟ ಭಕ್ತರು ಅಲ್ಲಿಯವರೆಗೆ ಹೋಗಿ, ದಾಟದೆ, ಬಂದ ದಾರಿಯಲ್ಲೇ ತಿರುಗುತ್ತಾರೆ. ಹೂವು, ಬಿಲ್ವಪತ್ರೆ, ಜಿಡ್ಡು ಸೇರಿ ಪಾಚಿ ಹಿಡಿದ ಹೊರಹರಿವು ಅದು, ಲೆಕ್ಕಕ್ಕೆ ತ್ಯಾಜ್ಯನೀರೇ. ಆದರೂ ಅದಕ್ಕೆ ಕಾಲು ಸೋಕಿಸುವುದಿಲ್ಲ. ಕೆಆರ್‌ಎಸ್ ತುಂಬಿದಾಗ ಬಾಗಿನ ಕೊಡುವ ನಾಡು ಬರುವ ನೀರಿಗೆ ಮಾಡುವ ಉಪಚಾರಕ್ಕೆ ಲೆಕ್ಕವಿಲ್ಲ, ಹೋಗುವ ನೀರಿಗೆ ದಕ್ಕಿದ್ದು ಈ ಒಂದು ಕಲ್ಲಿನ ದೋಣಿ. ಬೇರೆ ಧರ್ಮಗಳೂ ಇದನ್ನು ಚರ್ಚಿಸಿವೆ. 1978ರಲ್ಲಿ ಸೌದಿ ಅರೇಬಿಯಾದ ಹಿರಿಯ ಉಲೇಮಾಗಳ ಮಂಡಳಿ ತಜ್ಞರನ್ನು ಕೇಳಿಕೊಂಡು, ಬಣ್ಣ, ರುಚಿ, ವಾಸನೆಯಲ್ಲಿ ಕೊಳೆಯ ಗುರುತು ಉಳಿಯದಂತೆ ಶುದ್ಧೀಕರಿಸಿದ ಚರಂಡಿ ನೀರು ನಮಾಜಿನ ಮೊದಲಿನ ವುಜೂಗೂ ಆಗಬಹುದು ಎಂಬ ಫತ್ವಾ ಕೊಟ್ಟಿತು. ನೀರಿನ ಹಿಂದಿನ ಜನ್ಮವನ್ನು ಕೆದಕದೆ ಈಗಿನ ಸ್ಥಿತಿಯನ್ನು ನೋಡಿ ಕೊಟ್ಟ ತೀರ್ಪು ಅದು.

ಕೋಲಾರದ ಜನರಿಗೆ ಇದೇ ಪ್ರಶ್ನೆಗೆ ಉತ್ತರಿಸುವ ಸರದಿ 2018ರ ಜೂನಿನಲ್ಲಿ ಬಂತು. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ ದಿನಕ್ಕೆ 44 ಕೋಟಿ ಲೀಟರ್ ಹರಿಸುವ ಯೋಜನೆಯ ನೀರು ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಮರುತಿಂಗಳೇ ನೊರೆ ಕಾಣಿಸಿತು, ಹೈಕೋರ್ಟ್ ತಡೆ ಕೊಟ್ಟಿತು, ಮುಂದೆ ತಡೆ ತೆರವಾಗಿ ನೀರು ಮತ್ತೆ ಹರಿಯಿತು. ಹತ್ತಾರು ವರ್ಷ ಒಣಗಿದ್ದ ಕೆರೆಗಳು ಒಂದೊಂದಾಗಿ ಕೋಡಿ ಬಿದ್ದವು. ಆಗ ಜನಪ್ರತಿನಿಧಿಗಳೂ ಊರವರೂ ಹೋಗಿ ಬಾಗಿನ ಬಿಟ್ಟರು. ಅರಿಶಿನ, ಕುಂಕುಮ, ಬಳೆ, ಸೀರೆ, ಕಾವೇರಿಗೆ ಕೆಆರ್‌ಎಸ್‌ನಲ್ಲಿ ಸಲ್ಲುವುದೆಲ್ಲ ಬೆಂಗಳೂರಿನ ಬಚ್ಚಲಿನಿಂದ ಹೊರಟು ಬಂದ ಅದೇ ನೀರಿಗೆ ಇಲ್ಲೂ ಸಂದಿತು. ಮರಳಿ ಹೆಸರು ಸಿಕ್ಕ ಹಾಗಾಯಿತು.

ಪೂಜೆಯಿಂದ ಅನುಮಾನ ತೀರಲಿಲ್ಲ. ಈ ನೀರು ಅಂತರ್ಜಲ ಹೆಚ್ಚಿಸಲಿಕ್ಕೆ, ಕೆರೆಯಿಂದ ನೇರ ಪಂಪು ಮಾಡಬಾರದು ಎನ್ನುತ್ತದೆ ಸರ್ಕಾರ. ನೆಲಕ್ಕೆ ಇಂಗಿದ್ದು ಬೋರ್‌ವೆಲ್‌ಗೆ ಏರುತ್ತದೆ, ಬೋರ್‌ವೆಲ್‌ನಿಂದ ಊರಿನ ಓವರ್‌ಹೆಡ್ ಟ್ಯಾಂಕಿಗೆ, ಅಲ್ಲಿಂದ ಬಿಂದಿಗೆಗೆ. ಜಿಲ್ಲೆಯ ನೀರಾವರಿ ಹೋರಾಟಗಾರರು ಯೋಜನೆ ನಿಲ್ಲಿಸಿ ಎಂದು ಕೇಳುತ್ತಿಲ್ಲ, ಕೊಳಚೆ ಎಂದು ಮುಟ್ಟದೆ ದೂರವಿಟ್ಟೂ ಇಲ್ಲ. ಮೂರನೇ ಹಂತದ ಶುದ್ಧೀಕರಣ ಮಾಡಿಕೊಡಿ ಎಂದು ವರ್ಷಗಳಿಂದ ಕೇಳುತ್ತಿದ್ದಾರೆ.