ಕೈಗುರುತು ಸಿಕ್ಕಿತು, ಕಳ್ಳ ಸಿಕ್ಕನೇ?

ಪ್ರೋಗ್ರಾಮ್ ಬರೆಯುವವರಿಗೂ ಒಂದು ಕೈಬರಹ ಇರುತ್ತದೆ. ವೇರಿಯಬಲ್‌ಗೆ ಇಡುವ ಹೆಸರು, ಬ್ರಾಕೆಟ್ ತೆರೆಯುವ ಜಾಗ, ಒಂದೇ ಕೆಲಸವನ್ನು ಎಷ್ಟು ಫಂಕ್ಷನ್‌ಗಳಾಗಿ ಒಡೆಯುತ್ತೇವೆ ಎಂಬುದೆಲ್ಲ ವರ್ಷ ಕಳೆದಂತೆ ಬೆರಳಿಗೆ ಅಂಟಿಕೊಳ್ಳುತ್ತದೆ. ಪುಣೆಯಲ್ಲಿ ಇಪ್ಪತ್ತು ವರ್ಷ ಇದ್ದವರ ಹಿಂದಿಯಲ್ಲೂ ಧಾರವಾಡ ಕೇಳಿಸುವ ಹಾಗೆ.

ಇಂಥ ಅಭ್ಯಾಸಗಳನ್ನು ಎಣಿಸಿ ಬರೆದವರನ್ನು ಗುರುತಿಸುವುದು ಹಳೆಯ ವಿದ್ಯೆ. ಅಮೆರಿಕದ ಫೆಡರಲಿಸ್ಟ್ ಲೇಖನಗಳಲ್ಲಿ 12 ಯಾರವು ಎಂಬ ವಿವಾದವಿತ್ತು. ಮೋಸ್ಟೆಲ್ಲರ್ ಮತ್ತು ವ್ಯಾಲೆಸ್ ಎಂಬ ಸಂಖ್ಯಾಶಾಸ್ತ್ರಜ್ಞರು 'ಅಪಾನ್'ನಂಥ ಸಣ್ಣ ಪದಗಳನ್ನು ಎಣಿಸಿ, ಅವು ಹ್ಯಾಮಿಲ್ಟನ್‌ನವಲ್ಲ, ಮ್ಯಾಡಿಸನ್‌ನವು ಎಂದು 1964ರಲ್ಲಿ ತೋರಿಸಿದರು. 2015ರಲ್ಲಿ ಐಲಿನ್ ಚಾಲಿಶ್ಕನ್ ಮತ್ತು ಸಂಗಡಿಗರು ಅದೇ ವಿಚಾರವನ್ನು ಕೋಡ್‌ಗೆ ಅನ್ವಯಿಸಿದರು. 1,600 ಪ್ರೋಗ್ರಾಮರ್‌ಗಳ ನಡುವೆ ಬರೆದವರು ಯಾರೆಂದು ಅವರ ವಿಧಾನ ನೂರಕ್ಕೆ 94ರಷ್ಟು ಸಲ ಸರಿಯಾಗಿ ಹೇಳಿತು.

ಇಷ್ಟಾದರೆ ಒಬ್ಬರನ್ನು ಕಳ್ಳರೆನ್ನಲು ಸಾಕೇ?

ಒರೇಕಲ್ ಮತ್ತು ಗೂಗಲ್ ನಡುವಿನ ಮೊಕದ್ದಮೆ ನೆನಪಿರಬಹುದು. 2012ರ ವಿಚಾರಣೆಯಲ್ಲಿ 'ರೇಂಜ್‌ಚೆಕ್' ಎಂಬ 9 ಸಾಲಿನ ಫಂಕ್ಷನ್ ದೊಡ್ಡ ಚರ್ಚೆಯಾಯಿತು. ಜಾವಾದಲ್ಲಿದ್ದ ಆ ಸಾಲುಗಳು ಆಂಡ್ರಾಯ್ಡ್‌ನಲ್ಲೂ ಇದ್ದವು. ಎರಡೂ ಕಡೆ ಬರೆದವರು ಒಬ್ಬರೇ, ಜೋಶುವಾ ಬ್ಲಾಕ್. ಮೊದಲು ಸನ್ ಕಂಪನಿಯಲ್ಲಿದ್ದು, ಆಮೇಲೆ ಗೂಗಲ್ ಸೇರಿದವರು. ಆ 9 ಸಾಲಿನ ಮಟ್ಟಿಗೆ ಉಲ್ಲಂಘನೆಯಾಗಿದೆ ಎಂದು ಜ್ಯೂರಿ ಹೇಳಿತು. ಯಂತ್ರವನ್ನು ಕೇಳಿದ್ದರೆ 'ಕೈ ಒಂದೇ' ಎಂದು ಸರಿಯಾಗಿಯೇ ಹೇಳುತ್ತಿತ್ತು. ಕೈ ಯಾರದು, ಸಾಲು ಯಾರದು ಎಂಬುವು ಬೇರೆ ಬೇರೆ ಪ್ರಶ್ನೆಗಳು. ಮೂರು ಕಂಪನಿ ಬದಲಿಸಿದ ನಮ್ಮಂಥವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಲ್ಯಾಪ್‌ಟಾಪ್ ಹಿಂದಿರುಗಿಸಿ ಬರಬಹುದು, ಬೆರಳನ್ನು ಹಿಂದಿರುಗಿಸಲಾಗದು.

ನಮ್ಮ ನ್ಯಾಯಶಾಸ್ತ್ರ ಇದನ್ನು ಹೊಗೆ–ಬೆಂಕಿಯ ಉದಾಹರಣೆಯಲ್ಲೇ ಹೇಳಿದೆ. ಹೊಗೆ ಇದ್ದಲ್ಲಿ ಬೆಂಕಿ ಇದೆ ಎಂದು ಊಹಿಸಬಹುದು. ಬೆಂಕಿ ಇದ್ದಲ್ಲೆಲ್ಲ ಹೊಗೆ ಇದೆ ಎನ್ನಲಾಗದು, ಕಾದ ಕಬ್ಬಿಣದ ಗುಂಡಿನಲ್ಲಿ ಹೊಗೆ ಇಲ್ಲ. ಹೊಗೆಗೆ ಹಸಿ ಸೌದೆಯೂ ಬೇಕು, ಅದನ್ನೇ 'ಉಪಾಧಿ' ಎಂದರು. ಹಾಗೆಯೇ ಕಳವಾದಲ್ಲಿ ಹೋಲಿಕೆ ಇರುತ್ತದೆ, ಹೋಲಿಕೆ ಇದ್ದಲ್ಲೆಲ್ಲ ಕಳವು ಇರುವುದಿಲ್ಲ. ಇಬ್ಬರೂ ಒಂದೇ ಪುಸ್ತಕ ಓದಿರಬಹುದು, ಒಂದೇ ಟೂಲ್ ಬಳಸಿರಬಹುದು, ಆ ಲೆಕ್ಕಕ್ಕೆ ಇರುವ ದಾರಿಯೇ ಒಂದಾಗಿರಬಹುದು. ಇಲ್ಲಿ ಹಸಿ ಸೌದೆ ಎಂದರೆ ಕಾರಣವೇ ಇಲ್ಲದ ಹೋಲಿಕೆ: ಅದೇ ಕಾಗುಣಿತದ ತಪ್ಪು, ಯಾರೂ ಬಳಸದ ಅದೇ ವೇರಿಯಬಲ್. ತಾಳೆಗರಿ ಪ್ರತಿಗಳನ್ನು ಪರಿಷ್ಕರಿಸುವ ವಿದ್ವಾಂಸರೂ ಯಾವ ಪ್ರತಿ ಯಾವುದರಿಂದ ಹುಟ್ಟಿತೆಂದು ತಿಳಿಯಲು ಲಿಪಿಕಾರರ ಸಮಾನ ತಪ್ಪುಗಳನ್ನೇ ಹುಡುಕುತ್ತಾರೆ.

ಸಂಖ್ಯೆಯ ಇನ್ನೊಂದು ಮೋಸವೂ ಇದೆ. 300 ವಿದ್ಯಾರ್ಥಿಗಳ ಕ್ಲಾಸಿನಲ್ಲಿ ಪ್ರತಿಯೊಬ್ಬರ ಪ್ರೋಗ್ರಾಮನ್ನೂ ಉಳಿದವರದರ ಜೊತೆ ಹೋಲಿಸಿದರೆ 44,850 ಜೋಡಿಗಳಾಗುತ್ತವೆ. ಪರೀಕ್ಷೆ ಸಾವಿರಕ್ಕೆ ಒಂದೇ ಸಲ ತಪ್ಪಿದರೂ ಸುಮಾರು 45 ಜೋಡಿ ನಿರಪರಾಧಿಗಳು ಪಟ್ಟಿಗೆ ಬರುತ್ತಾರೆ. 1994ರಿಂದ ಬಳಕೆಯಲ್ಲಿರುವ 'ಮಾಸ್' ಎಂಬ ಸಾಧನವನ್ನು ರೂಪಿಸಿದವರೇ ಇದನ್ನು ಒಪ್ಪುತ್ತಾರೆ. ಅದು ಹೋಲಿಕೆಯನ್ನು ತೋರಿಸುತ್ತದೆ, ಹೋಲಿಕೆ ಏಕೆ ಬಂತೆಂಬುದು ಅದಕ್ಕೆ ತಿಳಿಯದು.

ಹಾಗೆಂದು ಈ ಸಾಧನಗಳು ಬೇಡವೆಂದಲ್ಲ. ಬೇರೆಯವರ ಆರು ತಿಂಗಳ ದುಡಿಮೆಯನ್ನು ಒಂದು ರಾತ್ರಿಯಲ್ಲಿ ಎತ್ತಿಕೊಳ್ಳುವವರು ಇದ್ದಾರೆ, ಅವರು ಸಿಕ್ಕಿಬೀಳಬೇಕು. ಆದರೆ ಸಂಖ್ಯೆ ನಮಗೆ ಕೊಡುವುದು ಪ್ರಶ್ನೆ ಕೇಳುವ ಹಕ್ಕನ್ನು ಮಾತ್ರ. ಆ ಸಾಲುಗಳನ್ನು ಅವರ ಮುಂದಿಟ್ಟು, 'ಇದನ್ನು ಹೇಗೆ ಬರೆದಿರಿ?' ಎಂದು ಕೇಳಿ, ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳುವುದು ಮನುಷ್ಯರು ಮಾಡಬೇಕಾದ ಕೆಲಸ. ಊರು ಬಿಟ್ಟು ಬಂದ ಹುಡುಗನಿಗೋ ಹುಡುಗಿಗೋ ಇಂಥ ಒಂದು ಆರೋಪದಿಂದ ಕೆಲಸ ಹೋದರೆ ರೂಮೂ ಹೋಗುತ್ತದೆ, ಊರಿನಲ್ಲಿ ಹೆಸರೂ ಹೋಗುತ್ತದೆ. 'ಸಿಸ್ಟಮ್ ಹೇಳಿತು' ಎಂಬುದು ಅವರಿಗೆ ಕೊಡುವ ಉತ್ತರವಾಗಬಾರದು. ತೀರ್ಮಾನದ ಕೆಳಗೆ ಒಬ್ಬ ಮನುಷ್ಯ ತನ್ನ ಹೆಸರು ಬರೆದು ಸಹಿ ಹಾಕಬೇಕು.