ಮರಳಿ ಬಂದ ಆಯುಷ್ಯವೂ ಪ್ರಸಾದವೇ

ಶಿವಭಕ್ತನು ಅನ್ನವನ್ನು ಲಿಂಗಕ್ಕೆ ಅರ್ಪಿಸಿ ಬಳಿಕ ಸ್ವೀಕರಿಸುತ್ತಾನೆ. ಅರ್ಪಣಕ್ಕೆ ಮೊದಲು ಅದು ಪದಾರ್ಥ. ಅರ್ಪಣದ ತರುವಾಯ ಅದು ಪ್ರಸಾದ. ಅನ್ನದ ತೂಕ, ರುಚಿಗಳು ಮೊದಲಿನಂತೆಯೇ ಇರುತ್ತವೆ. ಉಣ್ಣುವವನ ಭಾವ ಮಾತ್ರ ಬೇರೆಯಾಗುತ್ತದೆ. ತನ್ನದೆಂದು ಉಣ್ಣುತ್ತಿದ್ದವನು ಕೊಟ್ಟದ್ದೆಂದು ಉಣ್ಣತೊಡಗುತ್ತಾನೆ. ಒಂದಗುಳನ್ನು ಚೆಲ್ಲಲೂ ಅವನ ಮನಸ್ಸು ಒಪ್ಪದು. ಅನ್ನದಲ್ಲಿ ನಿತ್ಯವೂ ಪಾಲಿಸುವ ಈ ನಿಯಮವನ್ನು ಆಯುಷ್ಯದಲ್ಲಿ ಪಾಲಿಸುವವರು ವಿರಳ. ಕಠಿಣವಾದ ರೋಗವೊಂದು ಮನೆಗೆ ಬಂದು ಹೋದ ಮೇಲೆಯೇ ಅನೇಕರಿಗೆ ಆ ಪಾಠ ತಿಳಿಯುತ್ತದೆ.

ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ತಾಲೂಕಿನ ವಾಮದಪದವಿನಂತಹ ಊರಿನಲ್ಲಿ ಒಂದು ಸಂಸಾರವನ್ನು ಭಾವಿಸಿಕೊಳ್ಳಬಹುದು. ಪದವು ಎಂದರೆ ಆ ಸೀಮೆಯಲ್ಲಿ ಗುಡ್ಡದ ಮೇಲಿನ ಸಮತಟ್ಟಾದ ನೆಲ. ಕೆಳಗಿನ ತಗ್ಗುಗಳಲ್ಲಿ ಅಡಕೆ, ತೆಂಗಿನ ತೋಟಗಳು. ಘಟ್ಟದ ಮೇಲಿನಿಂದ ಬಂದು ಅಲ್ಲಿ ವ್ಯಾಪಾರ ಹೂಡಿದ ಲಿಂಗವಂತ ಗೃಹಸ್ಥನು ಸೋಮಾರಿಯಲ್ಲ, ದುರ್ವ್ಯಸನಿಯಲ್ಲ. ಬೆಳಗಿನಿಂದ ರಾತ್ರಿಯವರೆಗೆ ದುಡಿಯುತ್ತಾನೆ. ಒಂದು ಅಂಗಡಿಯು ಎರಡಾಗಬೇಕು, ಮನೆಗೆ ಮಾಳಿಗೆ ಏಳಬೇಕು ಎಂಬುದೇ ಅವನ ಧ್ಯಾನ. ಅವನ ಪತ್ನಿಯು ತನ್ನ ಎದೆಯಲ್ಲಿ ಸಣ್ಣ ಗಂಟೊಂದು ಕೈಗೆ ತಗಲಿದರೂ ಹಲವು ತಿಂಗಳು ಸುಮ್ಮನಿರುತ್ತಾಳೆ. ನೋವಿಲ್ಲದ ಗಂಟನ್ನು ಯಾರಿಗೆ ಹೇಳುವುದೆಂಬ ಸಂಕೋಚ ಒಂದು ಕಡೆ. ಮಳೆಗಾಲದ ಕೆಲಸ, ಹಬ್ಬ, ಮಕ್ಕಳ ಪರೀಕ್ಷೆ ಇನ್ನೊಂದು ಕಡೆ. ಕೊನೆಗೆ ವೈದ್ಯರ ಬಾಯಿಂದ ಕ್ಯಾನ್ಸರ್ ಎಂಬ ಮಾತು ಬಂದಾಗ ಪತಿಯು, ಇಷ್ಟು ದಿನ ಏಕೆ ಹೇಳಲಿಲ್ಲವೆಂದು ಕಳವಳದಿಂದ ಕೇಳುತ್ತಾನೆ. “ನೀವು ಇವತ್ತು ಕೇಳಿದಿರಿ, ಅಂದು ಕೇಳಿದ್ದರೆ ಅಂದೇ ಹೇಳುತ್ತಿದ್ದೆ” ಎಂಬುದು ಅವಳ ಉತ್ತರ. ಇಂತಹ ಉತ್ತರವನ್ನು ಹೇಳದೆ ಉಳಿಸಿಕೊಂಡ ಗೃಹಿಣಿಯರು ಎಷ್ಟು ಮನೆಗಳಲ್ಲಿಲ್ಲ!

ಆ ಮೇಲೆ ಮಂಗಳೂರಿನ ದಾರಿ. ಶಸ್ತ್ರಚಿಕಿತ್ಸೆ, ತಲೆಗೂದಲು ಉದುರಿಸುವ ಔಷಧಗಳು, ವಾರಕ್ಕೆ 5 ದಿನಗಳಂತೆ ಕೆಲವು ವಾರಗಳವರೆಗೆ ವಿಕಿರಣ ಚಿಕಿತ್ಸೆ. ಶಸ್ತ್ರಚಿಕಿತ್ಸೆಯ ಹೊತ್ತಿಗೆ ಕೊರಳಿನ ಕರಡಿಗೆಯನ್ನು ತೆಗೆದಿಡಬೇಕೆಂದಾಗ ಭಕ್ತೆಯ ಮನಸ್ಸು ರೋಗಕ್ಕಿಂತಲೂ ಹೆಚ್ಚಾಗಿ ಅದಕ್ಕೇ ನಡುಗುವುದುಂಟು. ಆದರೆ ಕರಸ್ಥಲದ ಇಷ್ಟಲಿಂಗವೇ ಅಂತರಂಗದಲ್ಲಿ ಪ್ರಾಣಲಿಂಗವೆಂದು ಶರಣರು ಅರುಹಿದ್ದಾರೆ. ಪ್ರಾಣವನ್ನು ಉಳಿಸುವ ಕಾರ್ಯಕ್ಕಾಗಿ ಕರಡಿಗೆಯನ್ನು ಒಂದು ಜಾವ ಪತಿಯ ಕೈಗೆ ಒಪ್ಪಿಸಿದರೆ ಪ್ರಾಣಲಿಂಗವು ಅಗಲುವುದಿಲ್ಲ. ಆ ಒಂದು ಜಾವ ಅವಳ ಲಿಂಗವನ್ನು ಎದೆಗವಚಿಕೊಂಡು ಬಾಗಿಲ ಹೊರಗೆ ಕುಳಿತ ಗೃಹಸ್ಥನಿಗೆ, ಎರಡನೆಯ ಅಂಗಡಿಯ ನೆನಪು ಒಮ್ಮೆಯಾದರೂ ಬಂದೀತೆ?

ಶಿವನ ದಯದಿಂದಲೂ ವೈದ್ಯರ ಶ್ರಮದಿಂದಲೂ ಅವಳು ಗುಣಮುಖಳಾಗಿ ಮನೆಗೆ ಬಂದಳೆನ್ನೋಣ. ಆಗ ಮನೆಯಲ್ಲಿ ರುದ್ರಾಭಿಷೇಕ, ಜಂಗಮಾರ್ಚನೆ, ನೂರಾರು ಜನರಿಗೆ ಅನ್ನಸಂತರ್ಪಣೆ. ಇವು ಯಾವುವೂ ತಪ್ಪಲ್ಲ. ಆದರೆ ಮರುದಿನವೇ ಗೃಹಸ್ಥನು ಮೊದಲಿನ ಲೆಕ್ಕದ ಪುಸ್ತಕವನ್ನು ಮೊದಲಿನಂತೆಯೇ ತೆರೆದು ಕುಳಿತರೆ, ಆ ಸಂತರ್ಪಣೆಯು ಕೃತಜ್ಞತೆಯಾಗದೆ ಸಾಲ ತೀರಿಸಿದ ರಸೀದಿಯಾಗುತ್ತದೆ. ಪ್ರಸಾದಕ್ಕೆ ಬೆಲೆ ಕಟ್ಟಿ ತೀರಿಸಲಾಗದು. ಅದನ್ನು ಅರಿತು ಉಣ್ಣುವುದೊಂದೇ ದಾರಿ.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನ ಚರಿತ್ರೆಯು ಕೈಹಿಡಿದು ನಡೆಸುತ್ತದೆ. ಮಾರಯ್ಯನದು ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕ. ಅನುಭಾವಗೋಷ್ಠಿಯಲ್ಲಿ ಮೈಮರೆತು ಕುಳಿತ ಪತಿಯನ್ನು ಕಾಯಕಕ್ಕೆ ಎಬ್ಬಿಸಿದವಳೂ ಆಕೆಯೇ, ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ದಿನ ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಕಳುಹಿಸಿದವಳೂ ಆಕೆಯೇ. ಮಾರಯ್ಯನು ಕಾಯಕವನ್ನು ಗುರುದರ್ಶನ, ಲಿಂಗಪೂಜೆಗಳಿಗಿಂತಲೂ ಮುಂದೆ ಇರಿಸಿದ ಶರಣ. ಅಂತಹವನಿಗೂ ಕಾಯಕದ ಅಳತೆಯನ್ನು ತೋರಿಸಲು ಪತ್ನಿಯು ಬೇಕಾಯಿತು. “ನನ್ನ ದುಡಿಮೆಯೇ ಕಾಯಕ, ಅದರಲ್ಲಿ ಮನೆಯನ್ನು ಮರೆತೆ” ಎನ್ನುವ ಇಂದಿನ ಗೃಹಸ್ಥನು ಇದನ್ನು ವಿಚಾರಿಸಬೇಕು. ಅಗತ್ಯವನ್ನು ಮೀರಿದ ಗಳಿಕೆಯು ಕಾಯಕದ ಎಲ್ಲೆಯನ್ನು ದಾಟಿ ಆಶೆಯ ಸೀಮೆಗೆ ಸೇರುತ್ತದೆ. ಅಸ್ವಸ್ಥಳಾದ ಪತ್ನಿಗೆ ಗಂಜಿ ಕಾಯಿಸುವುದು, ಅವಳ ಬಟ್ಟೆ ಒಗೆಯುವುದು, ಅವಳ ಪೂಜೆಗೆ ನೀರು ವಿಭೂತಿಗಳನ್ನು ಒದಗಿಸುವುದು ಕಾಯಕಕ್ಕೆ ಅಡ್ಡಿಯಲ್ಲ, ಅವೇ ಕಾಯಕ.

ಇನ್ನೊಂದು ಮಾತನ್ನು ಮರೆಯಲಾಗದು. ಅದೇ ಆಸ್ಪತ್ರೆಯ ಅದೇ ಸಾಲಿನಲ್ಲಿ ಕುಳಿತಿದ್ದ ಬೇರೊಬ್ಬ ಗೃಹಸ್ಥನ ಪತ್ನಿ ಮನೆಗೆ ಬರಲಿಲ್ಲ. ಅವನ ಭಕ್ತಿ ಕಡಿಮೆಯಾಗಿತ್ತೆ? ಅವಳ ಪೂಜೆಯಲ್ಲಿ ಲೋಪವಿತ್ತೆ? ಹಾಗೆ ಹೇಳುವ ನಾಲಿಗೆ ಶಿವದ್ರೋಹಕ್ಕೆ ಒಳಗಾಗುತ್ತದೆ. ಗುಣವಾದುದು ತನ್ನ ಪುಣ್ಯದ ಸಂಬಳವೆಂದು ಭಾವಿಸಿದವನು, ಗುಣವಾಗದವರನ್ನು ಪಾಪಿಗಳೆಂದು ಹೆಸರಿಸಿದಂತಾಯಿತು. ಪ್ರಸಾದಭಾವವು ಈ ಅಹಂಕಾರವನ್ನು ಕಳೆಯುತ್ತದೆ. ತನ್ನ ಎಲೆಗೆ ಬಿದ್ದುದು ತನ್ನ ಯೋಗ್ಯತೆಯಿಂದಲ್ಲವೆಂದು ಅರಿತವನು ಪಕ್ಕದ ಬರಿದಾದ ಎಲೆಯನ್ನು ನೋಡದೆ ಉಣ್ಣಲಾರ. ಕೃತಜ್ಞತೆಯು ದಾಸೋಹವಾಗುವುದು ಆ ನೋಟದಿಂದಲೇ.

ಆ ದಾಸೋಹಕ್ಕೆ ಭಂಡಾರ ಬೇಕಿಲ್ಲ. ಮುಂಬಯಿಯಲ್ಲಿ 1941ರಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯೂ, ಬೆಂಗಳೂರಿನಲ್ಲಿ 1973ರಲ್ಲಿ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯೂ ಆರಂಭವಾದವು. ಅಂದಿನಿಂದ ಎಷ್ಟೋ ಕೈಗಳ ಕಾಯಕವು ಕೂಡಿಬಂದು ಇಂದು ಒಂದು ಜೀವ ಉಳಿಯುತ್ತಿದೆ. ಆ ಸಾಲಿಗೆ ತನ್ನದೊಂದು ಕೈ ಸೇರಿಸುವುದು ಗೃಹಸ್ಥನಿಗೆ ಸಾಧ್ಯ. 30 ವರ್ಷ ಮೀರಿದವರಿಗೆ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ತಪಾಸಣೆಯನ್ನು ಸರಕಾರದ ಆರೋಗ್ಯ ಕೇಂದ್ರಗಳಲ್ಲಿ ನಡೆಸುವ ರಾಷ್ಟ್ರೀಯ ಕಾರ್ಯಕ್ರಮವಿದೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ನೆರವುಂಟು. ಇವನ್ನು ಅರಿಯದ ನೆರೆಮನೆಯವರಿಗೆ ತಿಳಿಸುವುದು, ಒಂಟಿಯಾಗಿ ಹೋಗಲು ಅಂಜುವ ತಾಯಿಯೊಡನೆ ತನ್ನ ಪತ್ನಿಯನ್ನು ಕಳುಹಿಸುವುದು, ಆಸ್ಪತ್ರೆಯ ಹೊರಗೆ ಹಸಿದು ಕುಳಿತ ಪತಿಗೆ ಒಂದು ಬುತ್ತಿ ಒಯ್ಯುವುದು—ಇವೆಲ್ಲವೂ ಜಂಗಮಸೇವೆಯೇ ಸರಿ.

ಗುಣವಾದ ಮೇಲೂ ಭಯ ಉಳಿಯುತ್ತದೆ. ಮರುತಪಾಸಣೆಯ ದಿನ ಹತ್ತಿರ ಬಂದಂತೆ ದಂಪತಿಗಳಿಗೆ ನಿದ್ರೆ ಬಾರದು. ರೋಗವು ಮರಳಿ ಬಾರದೆಂಬ ಭರವಸೆಯ ಮೇಲೆ ನಿಂತ ಕೃತಜ್ಞತೆಯು ಆ ರಾತ್ರಿ ಕುಸಿಯುತ್ತದೆ. ಇಂದಿನ ಎಡೆಯು ಇಂದು ದೊರಕಿತೆಂಬ ಅರಿವಿನ ಮೇಲೆ ನಿಂತದ್ದು ಕುಸಿಯದು. ಲಕ್ಕಮ್ಮನು ನಾಳೆಗೆಂದು ಅಕ್ಕಿಯನ್ನು ಕೂಡಿಡಲಿಲ್ಲ. ಭಯವನ್ನೂ ಹಾಗೆಯೇ ನಾಳೆಗೆಂದು ಕೂಡಿಡಬೇಕಾಗಿಲ್ಲ. ವೈದ್ಯರು ಹೇಳಿದ ದಿನ ತಪ್ಪದೆ ಹೋಗಿ ಬರುವುದು, ಉಳಿದ ದಿನಗಳನ್ನು ತುಂಬಿ ಬದುಕುವುದು ಭಕ್ತನ ಕ್ರಮ.

ಸತಿಪತಿಗಳು ಕೂಡಿ ಮಾಡುವ ಭಕ್ತಿಯನ್ನು ಶರಣರು ಕೊಂಡಾಡಿದರು. ಲಕ್ಕಮ್ಮನ ವಚನಗಳ ಅಂಕಿತದಲ್ಲಿ ಅಮರೇಶ್ವರಲಿಂಗದ ಜೊತೆಗೆ ಮಾರಯ್ಯನ ಹೆಸರೂ ಕೂಡಿಕೊಂಡಿದೆ. ಗೃಹಸ್ಥನಾದವನು ರೋಗ ಬರುವವರೆಗೆ ಕಾಯದೆ, ಪ್ರಸಾದಕ್ಕೆ ಕುಳಿತಾಗಲೇ ಎದುರಿಗೆ ಬಡಿಸುತ್ತಿರುವವಳ ಮುಖವನ್ನು ನೋಡಲಿ. ಮೈಯಲ್ಲಿ ಹೇಗಿದೆಯೆಂದು ಕೇಳಲಿ. ಅವಳು ಹೇಳಿ ಮುಗಿಸುವವರೆಗೆ ಏಳದಿರಲಿ.