ಬರೆದದ್ದೆಲ್ಲ ಸತ್ಯವೇ?

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ರೈತ ಕುಟುಂಬಗಳಿಗೆ ಗದ್ದೆಯಷ್ಟೇ ಮುಖ್ಯವಾದುದು ಪಹಣಿ. ಬೆಳೆಸಾಲ ಪಡೆಯಲು, ಜಮೀನು ಮಾರಲು, ಮಕ್ಕಳಿಗೆ ಪಾಲು ಮಾಡಿಕೊಡಲು ಅದು ಬೇಕೇ ಬೇಕು. ಒಡೆಯರು ಯಾರು, ವಿಸ್ತೀರ್ಣವೆಷ್ಟು, ಬೆಳೆಯೇನು, ಸಾಲದ ಹೊರೆ ಇದೆಯೇ ಎಂಬುದನ್ನೆಲ್ಲ ಹೇಳುವ ಆ ಒಂದು ಹಾಳೆಯನ್ನು ನಾವು ಸತ್ಯವೆಂದೇ ನಂಬುತ್ತೇವೆ. ಆದರೆ ದಾಖಲೆಯೊಂದು ಸತ್ಯವಾಗುವುದು ಯಾವುದರಿಂದ? ಅದನ್ನು ಕಾಪಾಡುವ ಸಾಧನದಿಂದಲೋ, ಬರೆಯಿಸುವ ಮನುಷ್ಯನ ಪ್ರಾಮಾಣಿಕತೆಯಿಂದಲೋ?

ಹಿಂದೆ ಈ ವಿವರಗಳೆಲ್ಲ ಕೈಬರಹದ ಪುಸ್ತಕಗಳಲ್ಲಿದ್ದವು. ರಾಜ್ಯದ ಸುಮಾರು 9000 ಗ್ರಾಮಲೆಕ್ಕಿಗರು ಅವುಗಳ ಪಾಲಕರು. ಒಂದು ಪ್ರತಿಗಾಗಿ ಅವರನ್ನು ಹುಡುಕಿಕೊಂಡು ಅಲೆಯಬೇಕಾಗಿತ್ತು. ಯಾರಾದರೂ ಅಕ್ಷರ ತಿದ್ದಿದರೆ ಬಡ ರೈತನಿಗೆ ತಿಳಿಯುವುದೂ ಕಷ್ಟವಾಗಿತ್ತು. ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯವರಾದ ಎಸ್.ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ (1999–2004) ‘ಭೂಮಿ’ ಯೋಜನೆ ಈ ಸ್ಥಿತಿಯನ್ನು ಬದಲಿಸಿತು. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಗಣಕಯಂತ್ರವನ್ನು ಸೇರಿದವು. ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟವರಿಗೆ ಪಹಣಿ ದೊರೆಯತೊಡಗಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡುವ, ಸಿಬ್ಬಂದಿ ಬೆರಳಚ್ಚು ಕೊಟ್ಟೇ ದಾಖಲೆಗೆ ಕೈಹಾಕುವ ಕ್ರಮ ಬಂತು. ಬಡವರಿಗೆ ಇದು ಸಣ್ಣ ನ್ಯಾಯವೇನಲ್ಲ.

ಆದರೂ ಯಂತ್ರ ತನಗೆ ಒಪ್ಪಿಸಿದ್ದನ್ನು ಮಾತ್ರ ಕಾಯುತ್ತದೆ. ಹಳೆಯ ತಪ್ಪನ್ನು ಉಣಿಸಿದರೆ ಅದನ್ನೂ ಅಷ್ಟೇ ನಿಷ್ಠೆಯಿಂದ ಕಾಯುತ್ತದೆ. ಅಚ್ಚಾಗಿ ಬಂದ ತಪ್ಪು ಕೈಬರಹದ ತಪ್ಪಿಗಿಂತ ಹೆಚ್ಚು ನಂಬಿಕೆಗೆ ಅರ್ಹವೆಂಬಂತೆ ತೋರುತ್ತದೆ. ಆದ್ದರಿಂದಲೇ ದಾಖಲೆ ಕೊಠಡಿಯ ಹಳೆಯ ಪುಸ್ತಕಗಳು ಬೇಡವಾದ ಕಾಗದಗಳಲ್ಲ. ಸಂದೇಹ ಹುಟ್ಟಿದಾಗ ಮೂಲವೇ ಸಾಕ್ಷಿ. 2024ರಲ್ಲಿ ಸರ್ಕಾರ ‘ಭೂ ಸುರಕ್ಷಾ’ ಯೋಜನೆಯಡಿ ಇಂಥ ಹಳೆಯ ಕಡತಗಳ ಸ್ಕ್ಯಾನಿಂಗ್‌ಗೆ ಕೈಹಾಕಿದ್ದು ಈ ಅರಿವಿನಿಂದಲೇ.

ಆದರೆ ಕಡತವೂ ಯಂತ್ರವೂ ಹಿಡಿಯಲಾರದ ಇನ್ನೊಂದು ಸುಳ್ಳಿದೆ. ಅದು ಮೌನದ ಸುಳ್ಳು. ಜಮೀನಿನ ಒಡೆಯರು ತೀರಿಕೊಂಡಾಗ ವಾರಸುದಾರರು ಪೌತಿ ಖಾತೆಗಾಗಿ ಮರಣ ಪ್ರಮಾಣಪತ್ರದೊಡನೆ ವಂಶವೃಕ್ಷವನ್ನು ಸಲ್ಲಿಸುತ್ತಾರೆ. ಆ ವಂಶವೃಕ್ಷಕ್ಕೆ ಹೆಸರುಗಳನ್ನು ಹೇಳುವವರು ಯಾರು? ನಾವೇ. ಮದುವೆಯಾಗಿ ಬೇರೆ ಊರು ಸೇರಿದ ಅಕ್ಕತಂಗಿಯರ ಹೆಸರು ಅಲ್ಲಿ ಬಿಟ್ಟುಹೋದರೆ, ಅದನ್ನು ಮರೆವು ಎನ್ನಬಹುದೇ?

“ಮದುವೆಯಲ್ಲಿ ಕೊಡಬೇಕಾದುದನ್ನೆಲ್ಲ ಕೊಟ್ಟಾಯಿತು, ಅವಳೂ ಬೇಡವೆಂದಿದ್ದಾಳೆ” ಎಂದು ನೀವು ಹೇಳಬಹುದು. ಅವಳು ಮನಃಪೂರ್ವಕವಾಗಿ ಹಾಗೆ ಹೇಳಿರಲೂಬಹುದು. ಆದರೆ ಹಕ್ಕನ್ನು ಬಿಟ್ಟುಕೊಡುವುದು ಬೇರೆ, ಹಕ್ಕೇ ಇರಲಿಲ್ಲವೆಂಬಂತೆ ಹೆಸರನ್ನು ಅಳಿಸುವುದು ಬೇರೆ. ಮೊದಲನೆಯದು ಅವಳ ಔದಾರ್ಯ. ಎರಡನೆಯದು ನಮ್ಮ ಅಪಹರಣ. ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ, ಉಯಿಲು ಇಲ್ಲದಿದ್ದಲ್ಲಿ ತಂದೆಯ ಆಸ್ತಿಯಲ್ಲಿ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಪಾಲುಂಟು. ಅವಳು ಬಿಟ್ಟುಕೊಡುವುದಾದರೆ, ಮೊದಲು ಅವಳ ಹೆಸರು ಬರಲಿ. ಅನಂತರ ಅವಳೇ, ಯಾರ ಒತ್ತಾಯವೂ ಇಲ್ಲದೆ, ನೋಂದಾಯಿತ ಪತ್ರದ ಮೂಲಕ ಬಿಡಲಿ.

ನಮ್ಮ ಧರ್ಮಕೇಂದ್ರದ ಜ್ಞಾನಸ್ನಾನದ ಪುಸ್ತಕವನ್ನು ಗಮನಿಸಿ. ಮಗನೋ ಮಗಳೋ ಎಂಬ ಭೇದವಿಲ್ಲದೆ ಅಲ್ಲಿ ತಂದೆತಾಯಿಯರ ಹೆಸರಿನೊಡನೆ ಮಗುವಿನ ಹೆಸರಿರುತ್ತದೆ. ಅವಳು ಮದುವೆಯಾದಾಗ ಆ ವಿವರವನ್ನು ಅದೇ ದಾಖಲೆಗೆ ಸೇರಿಸುತ್ತಾರೆಯೇ ಹೊರತು, ಬೇರೆ ಮನೆ ಸೇರಿದಳೆಂದು ಹೆಸರನ್ನು ಹೊಡೆದುಹಾಕುವುದಿಲ್ಲ. ದಾಖಲೆಯ ಧರ್ಮವೇ ಇದು.

ನಿಮ್ಮ ಮನೆಯ ಪಹಣಿಯಲ್ಲಿ ಇಂದಿಗೂ ತೀರಿಹೋದ ಅಜ್ಜನ ಹೆಸರೇ ಇದೆಯೇ? ಹಾಗಿದ್ದರೆ ಪೌತಿ ಖಾತೆಗೆ ಅರ್ಜಿ ಸಲ್ಲಿಸಿ, ವಿಳಂಬ ಮಾಡಬೇಡಿ. ಆದರೆ ಕಚೇರಿಯ ಮೆಟ್ಟಿಲು ಹತ್ತುವ ಮುನ್ನ ಮನೆಮಂದಿಯೆಲ್ಲ ಕುಳಿತು, ದೂರದಲ್ಲಿರುವ ಅಕ್ಕತಂಗಿಯರನ್ನೂ ಕರೆದು, ವಂಶವೃಕ್ಷವನ್ನು ಎಲ್ಲರೆದುರು ಗಟ್ಟಿಯಾಗಿ ಓದಿರಿ.